ಪಿಯಾನೋ ವಾದಕರಾಗಬೇಕಿದ್ದ ಮಹಾರಾಜ: ಜಯಚಾಮರಾಜ ಒಡೆಯರ್ ಬದುಕು ಹೇಳುವ ಗ್ರಾಮಫೋನ್ ತಟ್ಟೆಗಳು, ವೀಣೆ ಮತ್ತು 94 ಕೃತಿಗಳು

ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಬೇಕಾದವರು ಮೊದಲು ಹೋಗುವುದು ಜೆ.ಸಿ. ರಸ್ತೆಗೆ. ಜಯನಗರದ ಹೆಸರು ಕೇಳದ ಬೆಂಗಳೂರಿಗರಿಲ್ಲ. ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಸ್‌ಜೆಸಿಇ ಎಂದರೆ ಬೇರೆ ಪರಿಚಯ ಬೇಕಿಲ್ಲ. ಈ ಮೂರೂ ಹೆಸರುಗಳ ಹಿಂದೆ ಇರುವ ವ್ಯಕ್ತಿ ಒಬ್ಬರೇ. ಅವರೇ ಮೈಸೂರು ಸಂಸ್ಥಾನದ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್.

ರಸ್ತೆ, ಬಡಾವಣೆ, ಕಾಲೇಜುಗಳ ಮೇಲೆ ಉಳಿದಿರುವುದು ಅರಸನ ಹೆಸರು. ಆದರೆ ಆ ಅರಸನೊಳಗೆ ಇನ್ನೊಬ್ಬ ಮನುಷ್ಯನಿದ್ದ. ಅವನಿಗೆ ಬೇಕಿದ್ದದ್ದು ಸಿಂಹಾಸನವಲ್ಲ, ಪಿಯಾನೋ. ಅವನ ಗುರುತು ಹುಡುಕಬೇಕಾದರೆ ನಾಮಫಲಕಗಳನ್ನು ಬಿಟ್ಟು ಬೇರೆ ಕಡೆ ನೋಡಬೇಕು. ರಷ್ಯಾದ ಸಂಗೀತಗಾರನೊಬ್ಬನ ಸ್ವರಲಿಪಿಯ ಅರ್ಪಣೆಯ ಸಾಲಿನಲ್ಲಿ, ಲಂಡನ್‌ನಿಂದ ಮೈಸೂರಿಗೆ ಬಂದ ಧ್ವನಿಮುದ್ರಿಕೆಯಲ್ಲಿ, ಮತ್ತು ಎಲ್ಲಿಯೂ ತನ್ನ ಹೆಸರು ಹಾಕಿಕೊಳ್ಳದೆ ರಚಿಸಿದ 94 ಕೃತಿಗಳಲ್ಲಿ ಅವನು ಸಿಗುತ್ತಾನೆ.

ಎರಡು ಸಂಗೀತಗಳ ನಡುವೆ ಬೆಳೆದ ಹುಡುಗ

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ಆಗ ಸಿಂಹಾಸನದ ಮೇಲಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಪಟ್ಟ ಮುಂದೊಂದು ದಿನ ತಮ್ಮನಿಗೆ, ಅನಂತರ ತಮ್ಮನ ಮಗನಿಗೆ ಬರಬೇಕಿತ್ತು. ಅಂದರೆ ಹುಡುಗನ ಮುಂದೆ ಇನ್ನೂ ಬಹಳ ವರ್ಷಗಳ ಬಿಡುವಿತ್ತು. ಎಲ್ಲರೂ ಹಾಗೆಂದೇ ಅಂದುಕೊಂಡಿದ್ದರು.

ಆ ಕಾಲದ ಮೈಸೂರು ಅರಮನೆ ಸಂಗೀತದ ಮನೆಯೇ ಆಗಿತ್ತು. ವೀಣೆ ಶೇಷಣ್ಣನವರ ಪರಂಪರೆ, ಮೈಸೂರು ವಾಸುದೇವಾಚಾರ್ಯರ ಗಾಯನ, ಮುತ್ತಯ್ಯ ಭಾಗವತರ ರಚನೆಗಳು ಆಸ್ಥಾನದಲ್ಲಿ ದಿನನಿತ್ಯದ ಸಂಗತಿ. ಅದೇ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಬ್ಯಾಂಡ್ ಕೂಡ ಇತ್ತು. ಜರ್ಮನಿಯಿಂದ ಬಂದ ಒಟ್ಟೊ ಶ್ಮಿಟ್ ಅದನ್ನು ನಡೆಸುತ್ತಿದ್ದರು. ಸ್ವತಃ ನಾಲ್ವಡಿಯವರೇ ಹಲವು ವಾದ್ಯಗಳನ್ನು ನುಡಿಸಬಲ್ಲವರು. ದಸರೆಯ ದಿನಗಳಲ್ಲಿ ಕರ್ನಾಟಕ ಸಂಗೀತದ ಕಛೇರಿಯೂ ಪಾಶ್ಚಾತ್ಯ ವಾದ್ಯವೃಂದವೂ ಒಂದೇ ಆವರಣದಲ್ಲಿ ಕೇಳಿಸುತ್ತಿದ್ದವು.

ಹುಡುಗ ಒಲಿದದ್ದು ಪಿಯಾನೋಗೆ. ಅವರಿಗಿಂತ ಮೂರು ವರ್ಷ ಚಿಕ್ಕವರಾದ ತಂಗಿ ವಿಜಯಾ ದೇವಿಯವರಿಗೂ ಅದೇ ಗೀಳು. ಮಹಾರಾಜ ಕಾಲೇಜಿನಲ್ಲಿ 1938ರಲ್ಲಿ ಪದವಿ ಮುಗಿಸಿದಾಗ ಜಯಚಾಮರಾಜರ ಕೈಯಲ್ಲಿ ಚಿನ್ನದ ಪದಕಗಳಿದ್ದವು. ಮನಸ್ಸಿನಲ್ಲಿದ್ದದ್ದು ಮಾತ್ರ ಪಿಯಾನೋ ವಾದಕನಾಗಿ ವೇದಿಕೆ ಏರುವ ಆಸೆ. 1939ರಲ್ಲಿ ಅವರು ಯುರೋಪ್ ಪ್ರವಾಸ ಮಾಡಿದರು. ಅಲ್ಲಿಯ ಕಲಾವಿದರು, ವಿದ್ವಾಂಸರು, ಸಂಗೀತ ಸಭೆಗಳ ಪರಿಚಯವಾಯಿತು. ಎರಡನೇ ಮಹಾಯುದ್ಧ ಶುರುವಾದದ್ದು ಅದೇ ವರ್ಷ.

ಐದು ತಿಂಗಳಲ್ಲಿ ಎರಡು ಸಾವು

1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ನರಸಿಂಹರಾಜ ಒಡೆಯರ್ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ನಿಧನರಾದರು. ಐದೇ ತಿಂಗಳ ಅಂತರದಲ್ಲಿ ಮನೆಯ ಇಬ್ಬರೂ ಹಿರಿಯರು ಇಲ್ಲವಾದರು. ಸೆಪ್ಟೆಂಬರ್ 8ರಂದು 21 ವರ್ಷದ ಜಯಚಾಮರಾಜರಿಗೆ ಪಟ್ಟಾಭಿಷೇಕವಾಯಿತು.

ಸಂಸ್ಥಾನದ ಮಹಾರಾಜ ಪಿಯಾನೋ ಕಛೇರಿಗಳಿಗೆಂದು ಊರೂರು ಸುತ್ತುವಂತಿಲ್ಲ. ಅಲ್ಲದೆ ಅವರು ಕೂತದ್ದು ಸಾಮಾನ್ಯ ಅರಸರ ಜಾಗದಲ್ಲಲ್ಲ. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾಲಯ, ಕಾರ್ಖಾನೆಗಳಿಂದ ಮೈಸೂರಿಗೆ ಮಾದರಿ ಸಂಸ್ಥಾನ ಎಂಬ ಹೆಸರು ತಂದುಕೊಟ್ಟ ನಾಲ್ವಡಿಯವರ ಜಾಗ ಅದು. ಹೊರಗೆ ಯುದ್ಧ, ಒಳಗೆ ಸ್ವಾತಂತ್ರ್ಯದ ಕೂಗು. ಆಸೆಯನ್ನು ಬದಿಗಿಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಆದರೆ ಅಭ್ಯಾಸ ಬಿಡಲಿಲ್ಲ. ಪಟ್ಟಕ್ಕೆ ಬಂದು ಐದು ವರ್ಷವಾದ ಮೇಲೂ ಅವರು ಲಂಡನ್‌ನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋ ಸ್ಥಾನ ಕೊಟ್ಟಿತು. ಆಳುವ ಮಹಾರಾಜನಿಗೆ ಸಂಗೀತ ಶಾಲೆಯ ಅರ್ಹತಾ ಪತ್ರದಿಂದ ಆಗಬೇಕಾದದ್ದು ಏನೂ ಇಲ್ಲ. ಆದರೂ ಅವರಿಗೆ ಅದು ಬೇಕಿತ್ತು. ಅವರ ಬದುಕನ್ನು ಅರ್ಥ ಮಾಡಿಕೊಳ್ಳಲು ಇರುವ ಮೊದಲ ಸುಳಿವು ಇದು.

ತಾವು ಏರಲಾಗದ ವೇದಿಕೆಯನ್ನು ಬೇರೆಯವರಿಗೆ ಹಾಕಿಕೊಡುವ ಕೆಲಸಕ್ಕೆ ಅವರು ಕೈಹಾಕಿದ್ದು ಈ ಹೊತ್ತಿನಲ್ಲೇ.

ಲಂಡನ್‌ನ ಬಡ ಸಂಗೀತಗಾರ, ಮೈಸೂರಿನ ಕೇಳುಗ

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು ಮಾಸ್ಕೊದಲ್ಲಿ, 1880ರಲ್ಲಿ. ಪಿಯಾನೋ ವಾದಕ, ಸಂಗೀತ ರಚನಕಾರ. ಜಗತ್ತಿಗೆಲ್ಲ ಗೊತ್ತಿದ್ದ ರಾಖ್ಮನಿನೋವ್ ಇವರ ಆಪ್ತ ಗೆಳೆಯ. ರಾಖ್ಮನಿನೋವ್ ತಮ್ಮ ನಾಲ್ಕನೇ ಪಿಯಾನೋ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ್ದರು. ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನೋವ್‌ಗೆ ಅರ್ಪಿಸಿದ್ದರು. ಕನ್ಸರ್ಟೊ ಎಂದರೆ ಒಂದು ವಾದ್ಯ ಮುಂದೆ ನಿಂತು ಇಡೀ ವಾದ್ಯವೃಂದದ ಜತೆ ಸಂವಾದ ನಡೆಸುವಂಥ ದೊಡ್ಡ ರಚನೆ.

ಗೆಳೆಯನಿಗೆ ಸಿಕ್ಕ ಹೆಸರು ಮೆಟ್ನರ್‌ಗೆ ಸಿಗಲಿಲ್ಲ. ರಷ್ಯಾ ಕ್ರಾಂತಿಯ ಬಳಿಕ 1921ರಲ್ಲಿ ದೇಶ ಬಿಟ್ಟರು. ಹಲವು ಊರು ಅಲೆದು ಕೊನೆಗೆ ಲಂಡನ್ ಸೇರಿದರು. ಯುದ್ಧ ಶುರುವಾದದ್ದೇ ತಡ, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಹೊಸತನದ ಹುರುಪಿನಲ್ಲಿದ್ದ ಆ ಕಾಲದ ಸಂಗೀತ ಲೋಕಕ್ಕೆ ಮೆಟ್ನರ್ ಅವರ ಶೈಲಿ ಹಳೆಯದಾಗಿ ಕಂಡಿತ್ತು. ಅಂಥ ಸ್ಥಿತಿಯಲ್ಲೂ ಅವರು ಮೂರನೇ ಪಿಯಾನೋ ಕನ್ಸರ್ಟೊ ಮುಗಿಸಿದರು. 1944ರ ಫೆಬ್ರವರಿಯಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ಪಿಯಾನೋ ಮುಂದೆ ಕೂತು ಅದನ್ನು ಮೊದಲ ಬಾರಿಗೆ ನುಡಿಸಿದರು. ಆದರೆ ಯುದ್ಧ ಮುಗಿದ ಮೇಲೂ ಅವರ ರಚನೆಗಳನ್ನು ಮುದ್ರಿಸಿಕೊಳ್ಳಲು ಯಾವ ಕಂಪನಿಯೂ ತಾನಾಗಿ ಮುಂದೆ ಬರಲಿಲ್ಲ.

ಆಗ ಬಂದದ್ದು ಮೈಸೂರಿನ ಕರೆ. ಲಂಡನ್‌ನಲ್ಲಿದ್ದ ಮಹಾರಾಜರ ಪ್ರತಿನಿಧಿಯ ಮೂಲಕ ಮೆಟ್ನರ್‌ಗೆ ಸುದ್ದಿ ತಲುಪಿತು: ಅವರ ಸಂಗೀತವನ್ನು ಧ್ವನಿಮುದ್ರಿಸುವ ಖರ್ಚು ಮಹಾರಾಜರದ್ದು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ, ಅಂದರೆ ನಮ್ಮಲ್ಲಿ ನಾಯಿ ಗುರುತಿನ ಎಚ್‌ಎಂವಿ ಎಂದೇ ಹೆಸರಾದ ಕಂಪನಿ, ಈ ಕೆಲಸ ಮಾಡಬೇಕು. ಇದಕ್ಕಾಗಿಯೇ ಮೆಟ್ನರ್ ಸೊಸೈಟಿ ಹುಟ್ಟಿಕೊಂಡಿತು.

ಆರೋಗ್ಯ ಕೆಟ್ಟಿದ್ದ ಮೆಟ್ನರ್ ಮತ್ತೆ ಪಿಯಾನೋ ಮುಂದೆ ಕೂತರು. ಮೂರೂ ಪಿಯಾನೋ ಕನ್ಸರ್ಟೊಗಳು, ಸಣ್ಣ ಪಿಯಾನೋ ರಚನೆಗಳು, ಹಾಡುಗಳು ತಟ್ಟೆಗಳಿಗೆ ಇಳಿದವು. ಮುಂದೆ ಜಗದ್ವಿಖ್ಯಾತರಾದ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಮೆಟ್ನರ್ ಪಿಯಾನೋ ಜತೆಗೆ ಅವರ ಹಾಡುಗಳನ್ನು ಹಾಡಿದರು. 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡರು. ಮೈಸೂರಿನ ಹಣ ನಾಲ್ಕೈದು ವರ್ಷ ತಡವಾಗಿದ್ದರೆ, ಮೆಟ್ನರ್ ಸಂಗೀತವನ್ನು ಮೆಟ್ನರ್ ಕೈಯಲ್ಲೇ ಕೇಳುವ ಭಾಗ್ಯ ಇಷ್ಟರ ಮಟ್ಟಿಗೆ ಯಾರಿಗೂ ಸಿಗುತ್ತಿರಲಿಲ್ಲ.

ಮೂರನೇ ಕನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಎರಡನೆಯದರ ಅರ್ಪಣೆ ರಾಖ್ಮನಿನೋವ್‌ಗೆ, ಮೂರನೆಯದರದ್ದು ಮೈಸೂರಿಗೆ. ಅರಸರಿಗೆ ಬಂದ ಕಾಣಿಕೆಗಳಿಗೆ ಲೆಕ್ಕವಿರುವುದಿಲ್ಲ. ಆದರೆ ಪಿಯಾನೋ ವಾದಕನಾಗಲು ಹೊರಟು ಅರಸನಾದ ಮನುಷ್ಯನಿಗೆ ಇದಕ್ಕಿಂತ ಸರಿಯಾದ ಕಾಣಿಕೆ ಇನ್ನೊಂದಿರಲಿಕ್ಕಿಲ್ಲ.

20 ಸಾವಿರ ತಟ್ಟೆಗಳ ಮನೆ

ವಾಲ್ಟರ್ ಲೆಗ್ ಲಂಡನ್‌ನ ಹೆಸರಾಂತ ರೆಕಾರ್ಡ್ ನಿರ್ಮಾಪಕ. 1945ರಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದವರು. ಮಹಾರಾಜರ ಆಹ್ವಾನದ ಮೇರೆಗೆ ಅವರು ಮೈಸೂರಿಗೆ ಬಂದರು. ಇಲ್ಲಿ ಕಂಡದ್ದನ್ನು ಮುಂದೆ ಬರೆದಿಟ್ಟರು. ಮೂವತ್ತು ವರ್ಷವೂ ತುಂಬದ ಮಹಾರಾಜ. ಅವರ ಅರಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ರೆಕಾರ್ಡ್ ಭಂಡಾರ, ಬಗೆಬಗೆಯ ಲೌಡ್‌ಸ್ಪೀಕರ್‌ಗಳು, ಒಂದಲ್ಲ ಎರಡಲ್ಲ ಹಲವು ಗ್ರ್ಯಾಂಡ್ ಪಿಯಾನೋಗಳು. ಲಂಡನ್‌ನಿಂದ ಬಂದವರೇ ಬೆರಗಾಗುವಷ್ಟು.

ಆ ಸಂಗ್ರಹದಲ್ಲಿ ಸುಮಾರು 20 ಸಾವಿರ ರೆಕಾರ್ಡ್‌ಗಳಿದ್ದವು ಎಂಬ ಅಂದಾಜಿದೆ. ಮೊಬೈಲ್‌ನಲ್ಲಿ ಲಕ್ಷಗಟ್ಟಲೆ ಹಾಡು ಸಿಗುವ ಇಂದು ಈ ಸಂಖ್ಯೆ ದೊಡ್ಡದೆನಿಸದೆ ಇರಬಹುದು. ಆದರೆ ಅಂದಿನ ತಟ್ಟೆಗಳು ಅರಗಿನವು. ನಿಮಿಷಕ್ಕೆ 78 ಸುತ್ತು ಸುತ್ತುವ 12 ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ನಾಲ್ಕೂವರೆ ನಿಮಿಷದ ಸಂಗೀತ, ಅಷ್ಟೇ. ಅರ್ಧ ಗಂಟೆ ದಾಟಿದ ಒಂದು ಕನ್ಸರ್ಟೊ ಕೇಳಬೇಕಾದರೆ ನಾಲ್ಕೈದು ತಟ್ಟೆಗಳನ್ನು ಒಂದಾದ ಮೇಲೊಂದರಂತೆ ಹಾಕಬೇಕು, ತಿರುವಿ ಹಾಕಬೇಕು. ಕೈಜಾರಿದರೆ ಗಾಜಿನಂತೆ ಒಡೆಯುತ್ತಿದ್ದವು. ಲಂಡನ್‌ನಿಂದ ಹಡಗಿನಲ್ಲಿ ಬಂದು, ಅಲ್ಲಿಂದ ಮೈಸೂರಿಗೆ ಒಡೆಯದೆ ತಲುಪಬೇಕಿತ್ತು.

ಇದು ಅರಮನೆಯ ಗೋಡೆಗೆ ತೂಗುಹಾಕುವ ಹುಲಿತಲೆಯಂಥ ಸಂಗ್ರಹವಲ್ಲ. ದಿನವೂ ಕೂತು ಕೇಳುವವನ ಸಂಗ್ರಹ. ಯುರೋಪಿನ ಸಭಾಂಗಣಗಳಿಗೆ ಬೇಕೆಂದಾಗ ಹೋಗಲಾಗದ ಮನುಷ್ಯ ಸಭಾಂಗಣವನ್ನೇ ಮನೆಗೆ ತರಿಸಿಕೊಂಡಿದ್ದರು.

ಲೆಗ್ ಬರಿಗೈಯಲ್ಲಿ ವಾಪಸಾಗಲಿಲ್ಲ. ಫಿಲ್‌ಹಾರ್ಮೋನಿಯಾ ಗಟ್ಟಿಯಾಗಿ ನೆಲೆಯೂರಲೆಂದು ವರ್ಷಕ್ಕೆ 10 ಸಾವಿರ ಪೌಂಡ್‌ನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಹೆಚ್ಚು ಮಂದಿ ಕೊಳ್ಳುವ ಜನಪ್ರಿಯ ರಚನೆಗಳನ್ನು ಕಂಪನಿಗಳು ಹೇಗೂ ಮುದ್ರಿಸುತ್ತಿದ್ದವು. ಮಹಾರಾಜರ ಕಣ್ಣಿದ್ದದ್ದು ಯಾರೂ ಮುದ್ರಿಸದ ರಚನೆಗಳ ಮೇಲೆ. ಬಾಲಾಕಿರೆವ್ ಅವರ ಸಿಂಫನಿ, ರೂಸೆಲ್ ಅವರ ನಾಲ್ಕನೇ ಸಿಂಫನಿ ಹೀಗೆ ತಟ್ಟೆಗೆ ಬಂದವು. ಅವುಗಳನ್ನು ನಿರ್ದೇಶಿಸಿದವರು ಹರ್ಬರ್ಟ್ ಫಾನ್ ಕಾರಾಯನ್. ಮುಂದೆ ಜಗತ್ತಿನ ಅತಿ ಪ್ರಸಿದ್ಧ ವಾದ್ಯವೃಂದ ನಿರ್ದೇಶಕರಾದವರು.

ಅದು ಯಾರ ಹಣ?

ಈ ಕಥೆಯನ್ನು ಇಲ್ಲಿಯವರೆಗೆ ಓದಿದವರಿಗೆ ಒಂದು ಪ್ರಶ್ನೆ ಬರುವುದು ಸಹಜ. ಲಂಡನ್‌ನ ವಾದ್ಯವೃಂದಕ್ಕೆ ಮೈಸೂರಿನ ಹಣ ಹೋದದ್ದು ಸರಿಯೇ?

ಲೆಕ್ಕ ನೋಡೋಣ. ಆಗ ಒಂದು ಪೌಂಡ್‌ಗೆ ಸುಮಾರು 13 ರೂಪಾಯಿ 5 ಆಣೆ. 10 ಸಾವಿರ ಪೌಂಡ್ ಎಂದರೆ 1.33 ಲಕ್ಷ ರೂಪಾಯಿ. ಮೂರು ವರ್ಷಕ್ಕೆ 4 ಲಕ್ಷ. ಸ್ವತಂತ್ರ ಭಾರತದಲ್ಲಿ ಮೈಸೂರು ಮಹಾರಾಜರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಆ ದೃಷ್ಟಿಯಿಂದ ಮಹಾರಾಜರ ಪಾಲಿಗೆ ಇದು ಹೊರಲಾರದ ಹೊರೆಯಾಗಿರಲಿಲ್ಲ. ಆದರೆ ಅರಸರ ಹಣದ ಮೂಲ ಪ್ರಜೆಗಳೇ. ಈ ಮಾತನ್ನು ಮರೆಮಾಚಿ ಕಥೆ ಹೇಳಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ.

ಆ ವರ್ಷಗಳಲ್ಲಿ ಮೈಸೂರಿನ ಬೀದಿಗಳಲ್ಲಿ ಬೇರೆಯದೇ ದನಿ ಕೇಳಿಸುತ್ತಿತ್ತು. 1947ರ ಆಗಸ್ಟ್ 9ರಂದು ಜಯಚಾಮರಾಜರು ಭಾರತ ಒಕ್ಕೂಟ ಸೇರುವ ಒಪ್ಪಂದಕ್ಕೆ ಸಹಿ ಹಾಕಿದರು. ದೊಡ್ಡ ಸಂಸ್ಥಾನಗಳ ಅರಸರು ಕೆಲವರು ಮೀನಮೇಷ ಎಣಿಸುತ್ತಿದ್ದಾಗ ಮೈಸೂರು ಬೇಗ ನಿರ್ಧರಿಸಿತ್ತು. ಆದರೆ ಒಕ್ಕೂಟ ಸೇರುವುದು ಬೇರೆ, ಅಧಿಕಾರವನ್ನು ಜನರ ಕೈಗೆ ಕೊಡುವುದು ಬೇರೆ. ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಆಡಳಿತ ಮುಂದುವರಿದಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಮೈಸೂರು ಚಲೋ ಚಳವಳಿಗೆ ಇಳಿದರು. ಸತ್ಯಾಗ್ರಹಿಗಳಿಂದ ಜೈಲುಗಳು ತುಂಬಿದವು. ಮೈಸೂರಿನಲ್ಲಿ ಗುಂಡೇಟಿಗೆ ವಿದ್ಯಾರ್ಥಿ ರಾಮಸ್ವಾಮಿ ಬಲಿಯಾದರು. ನಗರದ ರಾಮಸ್ವಾಮಿ ವೃತ್ತ ಇಂದಿಗೂ ಆ ಹುಡುಗನ ಹೆಸರು ಹೊತ್ತಿದೆ. ಅಕ್ಟೋಬರ್‌ನಲ್ಲಿ ಮಹಾರಾಜರು ಜನರ ಬೇಡಿಕೆಗೆ ಒಪ್ಪಿದರು. ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಒಬ್ಬ ಮನುಷ್ಯನ ನೆನಪಿನ ವಸ್ತುಗಳನ್ನು ಲೆಕ್ಕ ಹಾಕುವಾಗ ಆ ವೃತ್ತವನ್ನೂ ಸೇರಿಸಿಕೊಳ್ಳಬೇಕು. ಅರಮನೆಯೊಳಗೆ ಸಂಗೀತ ಕೇಳುತ್ತಿದ್ದ ಅರಸ ಮತ್ತು ಅರಮನೆಯ ಹೊರಗೆ ಸತ್ತ ವಿದ್ಯಾರ್ಥಿ, ಇಬ್ಬರೂ ಅದೇ ವರ್ಷದ ಅದೇ ಊರಿನವರು.

ಹೆಸರಿಲ್ಲದ ಅಂಕಿತ

ಈ ಗದ್ದಲದ ವರ್ಷಗಳಲ್ಲೇ ಜಯಚಾಮರಾಜರ ಸಂಗೀತ ಇನ್ನೊಂದು ತಿರುವು ಪಡೆಯಿತು. ಪಿಯಾನೋದಿಂದ ವೀಣೆಯ ಕಡೆಗೆ.

ವೀಣೆಯಲ್ಲಿ ಅವರ ಗುರು ವಿದ್ವಾನ್ ವಿ. ವೆಂಕಟಗಿರಿಯಪ್ಪ. ವೆಂಕಟಗಿರಿಯಪ್ಪನವರು ವೀಣೆ ಶೇಷಣ್ಣನವರ ಶಿಷ್ಯರು. ಹಾಗಾಗಿ ಮಹಾರಾಜರು ಕಲಿತದ್ದು ಮೈಸೂರು ಬಾನಿಯನ್ನು ಅದರ ಮೂಲದಿಂದಲೇ. ಪಿಯಾನೋದಲ್ಲಿ ಹಲವು ಸ್ವರಗಳು ಒಟ್ಟಿಗೆ ಮೊಳಗಿ ಸಂಗೀತವಾಗುತ್ತದೆ. ವೀಣೆಯಲ್ಲಿ ಒಂದೇ ಸ್ವರವನ್ನು ತಂತಿಯ ಮೇಲೆ ಎಳೆದು, ಕಂಪಿಸಿ, ಗಮಕದಲ್ಲಿ ಜೀವ ತುಂಬಬೇಕು. ಒಂದರಲ್ಲಿ ಪಳಗಿದ ಕೈಗೆ ಇನ್ನೊಂದು ಸುಲಭವಾಗಿ ಒಲಿಯುವುದಿಲ್ಲ.

ಇದೇ ಕಾಲಕ್ಕೆ ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಅವರಿಗೆ ಶ್ರೀವಿದ್ಯಾ ಉಪಾಸನೆಯ ದೀಕ್ಷೆಯಾಯಿತು. ಚಿತ್ಪ್ರಭಾನಂದ ಎಂಬುದು ಅವರ ದೀಕ್ಷಾನಾಮ. ದೇವಿಯ ಆರಾಧನೆ ಒಡೆಯರ್ ಮನೆತನಕ್ಕೆ ಹೊಸದಲ್ಲ. ಚಾಮುಂಡೇಶ್ವರಿ ಅವರ ಕುಲದೇವತೆ. ನಾಲ್ವಡಿಯವರ ಕಾಲದಲ್ಲಿ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ರಚಿಸಿದ್ದರು. ಆದರೆ ಜಯಚಾಮರಾಜರು ಆಸ್ಥಾನದ ವಿದ್ವಾಂಸರಿಂದ ರಚಿಸಿಕೊಳ್ಳುವುದರ ಬದಲು ತಾವೇ ರಚಿಸಲು ಕೂತರು.

1945ರಿಂದ 1947ರ ನಡುವೆ, ಸುಮಾರು ಎರಡು ವರ್ಷದಲ್ಲಿ, 94 ಕೃತಿಗಳು ಮೂಡಿದವು. ಎಲ್ಲವೂ ಸಂಸ್ಕೃತದಲ್ಲಿ. ಕಛೇರಿಗಳಲ್ಲಿ ದಿನವೂ ಕೇಳುವ ರಾಗಗಳ ಜತೆಗೆ, ಹಾಡುವವರೇ ಹುಡುಕಿ ನೋಡಬೇಕಾದ ಅಪರೂಪದ ರಾಗಗಳನ್ನೂ ಅವರು ಬಳಸಿದರು. ಅಠಾಣ ರಾಗದ ಅವರ ಗಣಪತಿ ಕೃತಿ ಇಂದಿಗೂ ಕಛೇರಿಗಳ ಆರಂಭದಲ್ಲಿ ಕೇಳಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಅಂಕಿತ. ವಾಗ್ಗೇಯಕಾರರು ತಮ್ಮ ರಚನೆಯ ಕೊನೆಯಲ್ಲಿ ಒಂದು ಗುರುತಿನ ಪದ ಇಡುವುದು ವಾಡಿಕೆ. ಪುರಂದರದಾಸರದ್ದು ಪುರಂದರ ವಿಠಲ. ತ್ಯಾಗರಾಜರು ತಮ್ಮ ಹೆಸರನ್ನೇ ಇಟ್ಟರು. ಸ್ವತಃ ಶ್ರೀವಿದ್ಯಾ ಉಪಾಸಕರಾಗಿದ್ದ ಮುತ್ತುಸ್ವಾಮಿ ದೀಕ್ಷಿತರದ್ದು ಗುರುಗುಹ. ತಿರುವಾಂಕೂರಿನ ಅರಸ ಸ್ವಾತಿ ತಿರುನಾಳ್ ಆಯ್ದುಕೊಂಡದ್ದು ಪದ್ಮನಾಭ. ಜಯಚಾಮರಾಜರು ಆಯ್ದುಕೊಂಡ ಅಂಕಿತ ಶ್ರೀವಿದ್ಯಾ. ಅದರಲ್ಲಿ ಒಡೆಯರ್ ಇಲ್ಲ, ಮೈಸೂರು ಇಲ್ಲ, ಮಹಾರಾಜ ಇಲ್ಲ. ಹೆಸರಿನ ಹಿಂದೆ ಮುಂದೆ ಸಾಲು ಸಾಲು ಬಿರುದು ಹೊತ್ತಿದ್ದ ಮನುಷ್ಯ ತನ್ನ ಸ್ವಂತ ಕೆಲಸಕ್ಕೆ ಒಂದನ್ನೂ ಅಂಟಿಸಲಿಲ್ಲ.

ಈ ಕೃತಿಗಳು ಮೂಡಿದ ಎರಡು ವರ್ಷಗಳ ಕೊನೆಗೆ ಆಳುವ ಅಧಿಕಾರವೇ ಅವರ ಕೈಬಿಟ್ಟಿತು ಎಂಬುದನ್ನೂ ಜತೆಗಿಟ್ಟು ನೋಡಬೇಕು. ಎಲ್ಲ ಕೃತಿಗಳೂ ಮುಂದೆ ಶ್ರೀ ವಿದ್ಯಾ ಗಾನವಾರಿಧಿ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದವು.

ತಾವಿಲ್ಲದ ಕಛೇರಿ

1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು. ಮಹಾರಾಜರು ಮೈಸೂರು ರಾಜ್ಯದ ರಾಜಪ್ರಮುಖರಾದರು. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಮೇ 22ರಂದು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಂದು ಕಛೇರಿ ನಡೆಯಿತು. ಪಾಶ್ಚಾತ್ಯ ಸಂಗೀತದ ಇತಿಹಾಸ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. ಸಾಯುವ ಹಿಂದಿನ ವರ್ಷ, 84ರ ವಯಸ್ಸಿನಲ್ಲಿ, ಅವರು ಗಾಯಕಿ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಹಾಡುಗಳನ್ನು ರಚಿಸಿದ್ದರು. ನಾಲ್ಕು ಕೊನೆಯ ಹಾಡುಗಳು ಎಂಬ ಹೆಸರು ಅವುಗಳಿಗೆ ಬಂದದ್ದು ಅವರ ಸಾವಿನ ಬಳಿಕ. ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲು ಹಾಡಬೇಕು ಎಂಬುದು ಸ್ಟ್ರಾಸ್ ಆಸೆಯಾಗಿತ್ತು. ಆದರೆ ಹೊಸ ರಚನೆ, ದೊಡ್ಡ ವಾದ್ಯವೃಂದ, ಹೆಸರಾಂತ ಗಾಯಕಿ. ನಷ್ಟವಾದರೆ ಹೊರುವವರು ಯಾರು?

ಆ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರ್. ಅವರು ಹೊಣೆ ಹೊತ್ತ ಮೊತ್ತ 4,800 ಡಾಲರ್. ಅಂದಿನ ದರದಲ್ಲಿ ಸುಮಾರು 23 ಸಾವಿರ ರೂಪಾಯಿ. ಫ್ಲಾಗ್‌ಸ್ಟಾಡ್ ಹಾಡಿದರು, ಫಿಲ್‌ಹಾರ್ಮೋನಿಯಾ ನುಡಿಸಿತು, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ನಿರ್ದೇಶಿಸಿದರು. ಮಹಾರಾಜರು ಮಾತ್ರ ಅಲ್ಲಿರಲಿಲ್ಲ. ಸುಮಾರು 8 ಸಾವಿರ ಕಿಲೋಮೀಟರ್ ದೂರದಲ್ಲಿದ್ದ ಅವರು ಕೇಳಿದ್ದು ಒಂದೇ. ಅದರ ಧ್ವನಿಮುದ್ರಿಕೆ ಮೈಸೂರಿನ ತಮ್ಮ ಸಂಗ್ರಹಕ್ಕೆ ಬರಬೇಕು. ಹಾಗೆಯೇ ಅದನ್ನು ಮುದ್ರಿಸಿ ಮೈಸೂರಿಗೆ ಕಳಿಸಲಾಯಿತು.

ಆ ಧ್ವನಿಮುದ್ರಿಕೆಯ ಗುಣಮಟ್ಟ ಚೆನ್ನಾಗಿಲ್ಲ. ಗರಗರ ಸದ್ದಿನ ಹಿಂದಿನಿಂದ ಫ್ಲಾಗ್‌ಸ್ಟಾಡ್ ಅವರ ಕಂಠ ತೇಲಿ ಬರುತ್ತದೆ. ಆದರೂ ಅದು ಮುಂದೆ ಸಿ.ಡಿ.ಯಾಗಿ ಹೊರಬಂದು ಜಗತ್ತಿನ ಕೇಳುಗರನ್ನು ತಲುಪಿತು. ಮುದಿತನ, ವಿದಾಯ, ಸಾವುಗಳನ್ನು ಶಾಂತವಾಗಿ ಎದುರುಗೊಳ್ಳುವ ಆ ಹಾಡುಗಳು ಮೊದಲ ಬಾರಿ ಹೇಗೆ ಕೇಳಿಸಿದವು ಎಂದು ತಿಳಿಯಲು ಇರುವ ದಾರಿ ಅದೇ. ಅದನ್ನು ತರಿಸಿಕೊಂಡ ಕೇಳುಗನಿಗೆ ಆಗ ಬರೀ 30 ವರ್ಷ.

ಅರಸ, ರಾಜ್ಯಪಾಲ, ಕೊನೆಗೆ ಸಾಮಾನ್ಯ ಪ್ರಜೆ

ಅಧಿಕಾರದ ಲೆಕ್ಕದಲ್ಲಿ ಮುಂದಿನ ವರ್ಷಗಳು ನೇರವಾದ ದಾರಿ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯ ರಚನೆಯಾಗಿ ಕನ್ನಡ ನಾಡು ಒಂದಾದಾಗ ಜಯಚಾಮರಾಜರು ವಿಶಾಲ ಮೈಸೂರಿನ ರಾಜ್ಯಪಾಲರಾದರು. ಒಂದು ಕಾಲಕ್ಕೆ ತಾವು ಆಳಿದ ನಾಡಿನಲ್ಲಿ ಚುನಾಯಿತ ಸರ್ಕಾರಗಳಿಗೆ ಪ್ರಮಾಣವಚನ ಬೋಧಿಸುವ ಕೆಲಸ ಅವರದಾಯಿತು. 1964ರಿಂದ 1966ರವರೆಗೆ ಮದ್ರಾಸ್ ರಾಜ್ಯಪಾಲರಾಗಿದ್ದರು. ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಋಗ್ವೇದ, ಪುರಾಣಗಳನ್ನು ಕನ್ನಡಕ್ಕೆ ತಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ ಹಳೆಯ ತಲೆಮಾರಿನ ಹಲವು ಮನೆಗಳ ಪುಸ್ತಕದ ಕಪಾಟಿನಲ್ಲಿ ಇಂದಿಗೂ ಕಾಣಸಿಗುತ್ತದೆ. ಭಾರತೀಯ ತತ್ತ್ವಶಾಸ್ತ್ರ ಕುರಿತು ಅವರೇ ಬರೆದ ಗ್ರಂಥಗಳೂ ಇವೆ.

1966ರಲ್ಲಿ ದೆಹಲಿಯ ಸಂಗೀತ ನಾಟಕ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿತು. ಪಟ್ಟದಿಂದ ಬಂದ ಗೌರವಗಳು ಬಹಳಷ್ಟಿದ್ದವು. ಇದು ಸಂಗೀತದಿಂದ ಬಂದದ್ದು.

1971ರ ಕೊನೆಯಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂತು. ರಾಜಧನ ರದ್ದಾಯಿತು, ಅರಸರ ಬಿರುದು, ಮಾನ್ಯತೆಗಳು ಕಾನೂನಿನ ಕಣ್ಣಲ್ಲಿ ಇಲ್ಲವಾದವು. ದಸರಾ ಜಂಬೂ ಸವಾರಿಯ ಚಿನ್ನದ ಅಂಬಾರಿಯಲ್ಲಿ ಒಂದು ಕಾಲಕ್ಕೆ ಕೂರುತ್ತಿದ್ದವರು ಮಹಾರಾಜರು. ಈಗ ಅಲ್ಲಿ ಕೂರುವುದು ಚಾಮುಂಡೇಶ್ವರಿಯ ವಿಗ್ರಹ. ಯಾವ ದೇವಿಯ ಹೆಸರಲ್ಲಿ ಅವರು ಕೃತಿ ರಚಿಸಿದ್ದರೋ ಅಂಬಾರಿ ಆ ದೇವಿಗೇ ಸಂದಿತು.

1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ಜಯಚಾಮರಾಜ ಒಡೆಯರ್ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಉಳಿದದ್ದು ಏನು?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಚಿತ್ರಶಾಲೆಗೆ ಅವರದೇ ಹೆಸರು. ರವಿವರ್ಮನ ಚಿತ್ರಗಳನ್ನು ನೋಡಲು ಹೋಗುವ ಪ್ರವಾಸಿಗರು ಅಲ್ಲಿಯ ಹಳೆಯ ವಾದ್ಯಗಳ ಮುಂದೆಯೂ, ಫ್ರಾನ್ಸ್‌ನಿಂದ ಬಂದ ಸಂಗೀತ ಗಡಿಯಾರದ ಮುಂದೆಯೂ ಒಂದು ಗಳಿಗೆ ನಿಲ್ಲುತ್ತಾರೆ. ಪಿಯಾನೋ ಗೀಳನ್ನು ಹಂಚಿಕೊಂಡಿದ್ದ ತಂಗಿ ವಿಜಯಾ ದೇವಿ ನ್ಯೂಯಾರ್ಕ್‌ನಲ್ಲಿ ಪಿಯಾನೋ ಕಲಿತು ಬಂದರು. ಅಣ್ಣ ತೀರಿಕೊಂಡ ವರ್ಷವೇ, 1974ರಲ್ಲಿ, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಆ್ಯಂಡ್ ಆರ್ಟ್ಸ್ ಸೊಸೈಟಿ ಕಟ್ಟಿ, ದೇಶ ವಿದೇಶದ ಕಲಾವಿದರಿಗೆ ವೇದಿಕೆ ಕೊಟ್ಟರು.

ಮೆಟ್ನರ್ ಬದುಕಿದ್ದಾಗ ಹಳಬ ಎಂದು ಬದಿಗೆ ಸರಿಸಲ್ಪಟ್ಟವರು. ಇಂದು ಜಗತ್ತಿನ ದೊಡ್ಡ ಪಿಯಾನೋ ವಾದಕರು ಅವರ ರಚನೆಗಳನ್ನು ನುಡಿಸುತ್ತಾರೆ. ಹೇಗೆ ನುಡಿಸಬೇಕು ಎಂಬ ಅನುಮಾನ ಬಂದಾಗ ಅವರು ತಿರುಗಿ ನೋಡುವುದು ಮೈಸೂರಿನ ಹಣದಲ್ಲಿ ಮುದ್ರಿತವಾದ ಆ ಹಳೆಯ ತಟ್ಟೆಗಳನ್ನೇ. ಈಗ ಅವು ಸಿ.ಡಿ.ಗಳಾಗಿ, ಆನ್‌ಲೈನ್ ಧ್ವನಿಗಳಾಗಿ ಯಾರ ಕೈಗೂ ಸಿಗುತ್ತವೆ. ಲಂಡನ್‌ನ ಫಿಲ್‌ಹಾರ್ಮೋನಿಯಾ ಇಂದಿಗೂ ಕಛೇರಿ ನಡೆಸುತ್ತಿದೆ.

ವಿಚಿತ್ರವೆಂದರೆ, ಬೇರೆಯವರ ಸಂಗೀತಕ್ಕೆ ಅವರು ನೀಡಿದ ನೆರವಿನ ಮೇಲೆಲ್ಲ ಮೈಸೂರು ಮಹಾರಾಜ ಎಂಬ ಹೆಸರಿದೆ. ತಾವೇ ರಚಿಸಿದ ಸಂಗೀತದ ಮೇಲೆ ಆ ಹೆಸರಿಲ್ಲ. ಕರ್ನಾಟಕ ಸಂಗೀತ ಕಲಿಯುವ ಮಗು ಅವರ ಕೃತಿಯನ್ನು ಹಾಡುವಾಗ ಬಾಯಲ್ಲಿ ಬರುವುದು ಶ್ರೀವಿದ್ಯಾ ಎಂಬ ಪದ ಮಾತ್ರ. ಇದನ್ನು ರಚಿಸಿದವರು ಯಾರೆಂದು ಗುರುಗಳು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಕೃತಿ ಮಾತ್ರ ಅರಸನ ಹೆಸರಿನ ಆಸರೆಯಿಲ್ಲದೆ ತನ್ನ ರಾಗದ ಬಲದ ಮೇಲೆ ನಿಂತಿದೆ.